ಕೊಂದದ್ದು ಯಾರು ಅಂತ ಬರೆಯಿರಿ

ಪ್ರಿಯ ಲೇಖಕರೇ,

ಶ್ರೀಲಂಕಾದ ತಮಿಳರ ಹೋರಾಟದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹೋರಾಟದ ಒಳಗಿರುವವರು ತಮ್ಮ ನಾಯಕರನ್ನು ಪ್ರಶ್ನೆ ಮಾಡುವಂತಿರಬೇಕು ಎನ್ನುವುದು ನಿಮ್ಮ ವಾದ. ನಾನೂ ಒಪ್ಪುತ್ತೇನೆ. ಆದರೂ ಇದನ್ನು ಈಗಿರುವ ಹಾಗೆಯೇ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಈ ಲೇಖನ ಕನ್ನಡದಲ್ಲಿ ಬರಲೇಬೇಕು ಅಂತ ನನಗೆ ಆಸೆ ಇದೆ, ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲ ನಾಲ್ಕು ಪುಟಗಳನ್ನು ಮುಟ್ಟಬೇಡಿ. 1956ರ ಸಿಂಹಳ ಭಾಷಾ ಕಾನೂನು, ವಿಶ್ವವಿದ್ಯಾಲಯ ಸೇರಲು ತಮಿಳು ಮಕ್ಕಳಿಗೆ ಜಾಸ್ತಿ ಅಂಕ ಬೇಕು ಅಂದದ್ದು, 1981ರಲ್ಲಿ ಜಾಫ್ನಾ ಗ್ರಂಥಾಲಯವನ್ನು ಸುಟ್ಟದ್ದು, 1983ರ ಜುಲೈಯಲ್ಲಿ ಕೊಲಂಬೊದಲ್ಲಿ ತಮಿಳರ ಮನೆ ಹುಡುಕಿ ಹುಡುಕಿ ಕೊಂದದ್ದು. ಎಲ್ಲವನ್ನೂ ನೇರವಾಗಿ ಬರೆದಿದ್ದೀರಿ. "ಪೊಲೀಸರು ಬೆಂಕಿ ಹಚ್ಚಿದರು." "ಗುಂಪುಗಳು ಮತದಾರರ ಪಟ್ಟಿ ಹಿಡಿದು ಬಂದವು." "ಸರ್ಕಾರ ನೋಡುತ್ತಾ ನಿಂತಿತು." ಒಂದೊಂದು ವಾಕ್ಯದಲ್ಲೂ ಮಾಡಿದವರು ಯಾರು ಅಂತ ಗೊತ್ತಾಗುತ್ತದೆ. ತಮಿಳು ಹುಡುಗರು ಬಂದೂಕು ಯಾಕೆ ಹಿಡಿದರು ಅನ್ನುವುದು ಓದುಗರಿಗೆ ಅರ್ಥವಾಗುತ್ತದೆ.

ಐದನೇ ಪುಟದಿಂದ ನಿಮ್ಮ ಕ್ರಿಯಾಪದಗಳು ಬದಲಾಗುತ್ತವೆ. ನಿಮ್ಮ ವಾಕ್ಯಗಳನ್ನೇ ಇಲ್ಲಿ ಎತ್ತಿ ಇಡುತ್ತೇನೆ. "1986ರಲ್ಲಿ ಟೆಲೋ ಸಂಘಟನೆ ನಾಶವಾಯಿತು." "1989ರಲ್ಲಿ ಅಮೃತಲಿಂಗಂ ಹತರಾದರು." "1990ರಲ್ಲಿ ಮುಸ್ಲಿಮರು ಉತ್ತರ ಪ್ರಾಂತ್ಯ ಬಿಡಬೇಕಾಯಿತು." ಯಾರು ನಾಶ ಮಾಡಿದರು? ಯಾರು ಕೊಂದರು? ಯಾರು ಬಿಡಿಸಿದರು?

ನಮ್ಮ ಭಾಷೆಯಲ್ಲಿ ಇದಕ್ಕೆ ದೊಡ್ಡ ಸೌಲಭ್ಯ ಇದೆ. ಮಗು ಕೈಜಾರಿ ಲೋಟ ಬೀಳಿಸಿದರೆ "ಅಮ್ಮಾ, ಲೋಟ ಒಡೆದುಹೋಯ್ತು" ಅನ್ನುತ್ತದೆ, ಅಲ್ವಾ? ಒಡೆದವರು ಯಾರೂ ಇಲ್ಲ, ಲೋಟ ತಾನಾಗಿ ಒಡೆಯಿತು. ಮಗುವಿನ ಬಾಯಲ್ಲಿ ಅದು ಮುದ್ದಾಗಿರುತ್ತದೆ. ನೂರಾರು ಜನ ಸತ್ತ ಘಟನೆಗೆ ಅದೇ ವ್ಯಾಕರಣ ಬಳಸಿದರೆ, ಸತ್ತವರಿಗೆ ಇನ್ನೊಂದು ಸಲ ಅನ್ಯಾಯ ಮಾಡಿದ ಹಾಗೆ.

ಹಾಗಾಗಿ ಒಂದೊಂದೇ ವಾಕ್ಯ ತಿದ್ದೋಣ.

1986ರ ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರದಲ್ಲಿ ತಮಿಳು ಹುಲಿಗಳು, ಅಂದರೆ ಎಲ್‌ಟಿಟಿಇಯವರು ಟೆಲೋ ಎಂಬ ಇನ್ನೊಂದು ತಮಿಳು ಸಶಸ್ತ್ರ ಗುಂಪಿನ ಶಿಬಿರಗಳ ಮೇಲೆ ದಾಳಿ ಮಾಡಿದರು. ಅದರ ನಾಯಕ ಶ್ರೀ ಸಬಾರತ್ನಂ ಅವರನ್ನು ಕೊಂದರು. ನೂರಕ್ಕೂ ಹೆಚ್ಚು ಹುಡುಗರನ್ನು ಕೊಂದರು. ಸತ್ತವರೂ ತಮಿಳರು, ಕೊಂದವರೂ ತಮಿಳರು, ಇಬ್ಬರೂ ಕೇಳುತ್ತಿದ್ದದ್ದು ಅದೇ ಈಳಂ, ತಮಿಳರದ್ದೇ ಪ್ರತ್ಯೇಕ ನಾಡು. 1989ರ ಜುಲೈ 13ರಂದು ಅಮೃತಲಿಂಗಂ ಅವರ ಕೊಲಂಬೊ ಮನೆಗೆ ಎಲ್‌ಟಿಟಿಇಯವರು ಮಾತುಕತೆಗೆಂದು ಬಂದರು. ಅತಿಥಿಗಳಾಗಿ ಕೂತರು. ಆಮೇಲೆ ಗುಂಡು ಹಾರಿಸಿದರು. ತಮಿಳರ ಹಕ್ಕಿಗಾಗಿ ಸಂಸತ್ತಿನಲ್ಲಿ ದಶಕಗಳ ಕಾಲ ಮಾತಾಡಿದ ಮನುಷ್ಯ ಸತ್ತದ್ದು ಹಾಗೆ.

ಇನ್ನು ಮುಸ್ಲಿಮರ ವಿಷಯ. ಇಡೀ ಲೇಖನದಲ್ಲಿ ನನಗೆ ಅತಿ ಜಾಸ್ತಿ ನೋವಾದದ್ದು ಆ ಒಂದು ವಾಕ್ಯಕ್ಕೆ. 1990ರ ಅಕ್ಟೋಬರ್ ಕೊನೆಯಲ್ಲಿ ಎಲ್‌ಟಿಟಿಇಯವರು ಜಾಫ್ನಾದ ಮುಸ್ಲಿಮರಿಗೆ ಊರು ಬಿಡಲು ಎರಡು ಗಂಟೆ ಕೊಟ್ಟರು. ತಲೆತಲಾಂತರದಿಂದ ಅಲ್ಲೇ ಬಾಳಿದವರು, ಮನೆಯಲ್ಲಿ ತಮಿಳೇ ಆಡುವವರು. ಚಿನ್ನ, ದುಡ್ಡು, ಅಂಗಡಿ, ಮನೆ ಎಲ್ಲ ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲಿ, ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡು ಹೊರಟರು. ಉತ್ತರದ ಜಿಲ್ಲೆಗಳಿಂದ ಹೀಗೆ ಹೊರಹಾಕಿದ್ದು 70 ಸಾವಿರಕ್ಕೂ ಹೆಚ್ಚು ಜನರನ್ನು. ಅದು ತಪ್ಪು ಅಂತ ಸಂಘಟನೆಯ ಪರವಾಗಿ ಆಂಟನ್ ಬಾಲಸಿಂಗಂ ಒಪ್ಪಿಕೊಂಡದ್ದು 2002ರಲ್ಲಿ. ಹನ್ನೆರಡು ವರ್ಷ ಆದ ಮೇಲೆ. ಆ ದಿನ, ಆ ಆದೇಶ ಬಂದಾಗ, ಒಬ್ಬ ಕೆಳಹಂತದ ಹುಡುಗ "ಅಣ್ಣಾ, ಇವರು ನಮ್ಮ ಅಕ್ಕಪಕ್ಕದವರು, ಇದು ಬೇಡ" ಅನ್ನುವುದಕ್ಕೆ ಆ ಸಂಘಟನೆಯಲ್ಲಿ ಎಲ್ಲಾದರೂ ಜಾಗ ಇತ್ತೇ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು. ನೀವು ಅದರ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದೀರಿ.

ಯಾಕೆ ವಾಪಸ್ ಹೋದಿರಿ ಅಂತ ನಿಮ್ಮ ಪತ್ರದಲ್ಲೇ ಇದೆ. "ನನಗೆ ತಮಿಳು ಗೆಳೆಯರಿದ್ದಾರೆ, ಅವರಿಗೆ ಬೇಜಾರಾಗಬಾರದು. ನಾನು ಹೊರಗಿನವನು, ಹೇಳಲು ನನಗೇನು ಹಕ್ಕು?" ಅಂತ ಬರೆದಿದ್ದೀರಿ. ಈ ಅಳುಕು ಒಳ್ಳೆಯದು. ಅದಿಲ್ಲದವರು ಇಂಥ ವಿಷಯಕ್ಕೆ ಕೈ ಹಾಕಬಾರದು. ಆದರೆ ಈ ಅಳುಕಿಗೆ ಉತ್ತರ ಇದೆ, ಅದು ರಜನಿ ತಿರಣಗಮ.

ನೀವು ಅವರಿಗೆ ಕೊಟ್ಟದ್ದು ಒಂದೇ ಸಾಲು. ಲೇಖನ ನಿಲ್ಲಬೇಕಾದದ್ದು ಅವರ ಮೇಲೆ. ಆಕೆ ಡಾಕ್ಟರ್, ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದರು. ಒಂದು ಕಾಲದಲ್ಲಿ ಎಲ್‌ಟಿಟಿಇಯ ಜೊತೆಗಿದ್ದವರು. ಅವರ ಅಕ್ಕ ಹೋರಾಟಗಾರರಿಗೆ ನೆರವಾದರೆಂದು 1982ರಲ್ಲಿ ಜೈಲು ಸೇರಿದ್ದರು. ಅಂದರೆ ರಜನಿ ಹೊರಗೆ ನಿಂತು ಬೆರಳು ತೋರಿಸಿದವರಲ್ಲ. ಒಳಗಿದ್ದು, ಕಂಡು, ಹೊರಬಂದವರು. 1988ರಲ್ಲಿ ಸಹೋದ್ಯೋಗಿಗಳ ಜೊತೆ ಸೇರಿ ಮಾನವ ಹಕ್ಕುಗಳಿಗಾಗಿ ಅಧ್ಯಾಪಕರ ಸಂಘಟನೆ ಕಟ್ಟಿದರು. ಶ್ರೀಲಂಕಾ ಸೈನ್ಯ ಮಾಡಿದ್ದನ್ನು ಬರೆದರು. ನಮ್ಮ ಭಾರತದ ಶಾಂತಿಪಾಲನಾ ಪಡೆ ಮಾಡಿದ್ದನ್ನು ಬರೆದರು, ಅದನ್ನು ಓದುವಾಗ ನಮಗೆ ನಾಚಿಕೆಯಾಗಬೇಕು. ತಮ್ಮದೇ ಹುಡುಗರು ಮಾಡಿದ್ದನ್ನೂ ಅದೇ ಕೈಯಿಂದ ಬರೆದರು. 1989ರ ಸೆಪ್ಟೆಂಬರ್ 21ರಂದು ವಿಶ್ವವಿದ್ಯಾಲಯದಿಂದ ಸೈಕಲ್ ತುಳಿದು ಮನೆಗೆ ಹೋಗುವಾಗ ಆಕೆಯನ್ನು ಗುಂಡಿಟ್ಟು ಕೊಂದರು. ವಯಸ್ಸು 35. ಮನೆಯಲ್ಲಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ತನ್ನನ್ನು ಸುಮ್ಮನಾಗಿಸುವ ಬಂದೂಕು ಹೊರಗಿನವರ ಕೈಯಲ್ಲಿ ಇರುವುದಿಲ್ಲ, ಇದೇ ಸಮಾಜದ ಮಗನ ಕೈಯಲ್ಲಿ ಇರುತ್ತದೆ ಅಂತ ಆಕೆ ಮೊದಲೇ ಬರೆದಿದ್ದರು.

ಇಲ್ಲಿ ಒಂದು ಎಚ್ಚರ. ಆಕೆಯ ಕೊಲೆಗೆ ಯಾವ ನ್ಯಾಯಾಲಯವೂ ಯಾರಿಗೂ ಶಿಕ್ಷೆ ಕೊಟ್ಟಿಲ್ಲ. ಕೊಂದದ್ದು ಎಲ್‌ಟಿಟಿಇ ಅಂತ ಹೇಳುವವರು ಆಕೆಯ ಜೊತೆ ಕೆಲಸ ಮಾಡಿದವರು ಮತ್ತು ಮನೆಯವರು. ಹಾಗೆಯೇ ಬರೆಯಿರಿ. ಯಾರು ಹೇಳುತ್ತಾರೋ ಅವರ ಬಾಯಲ್ಲೇ ಹೇಳಿಸಿ. "ಹತರಾದರು" ಅಂತ ತೇಲಿಸಿ ಬಿಡುವುದು ಬೇರೆ, ಗೊತ್ತಿರುವಷ್ಟನ್ನು ಗೊತ್ತಿರುವ ಹಾಗೆ ಹೇಳುವುದು ಬೇರೆ.

ನಿಮ್ಮ ಹಕ್ಕಿನ ಪ್ರಶ್ನೆಗೆ ಬರುತ್ತೇನೆ. ರಜನಿ, ಅವರ ಜೊತೆ ಬರೆದ ರಾಜನ್ ಹೂಲ್, ಶ್ರೀಧರನ್, ಇವರೆಲ್ಲ ತಮಿಳರು. ತಮ್ಮ ಜನಕ್ಕಾಗಿಯೇ, ಪ್ರಾಣ ಪಣಕ್ಕಿಟ್ಟು, ತಲೆಮರೆಸಿಕೊಂಡು ಬರೆದರು. ನೀವು ಅವರ ಮಾತನ್ನು ಕನ್ನಡಕ್ಕೆ ತರುತ್ತಿದ್ದೀರಿ. "ತಮಿಳರಿಗೆ ಬೇಜಾರಾಗುತ್ತದೆ" ಅಂತ ಸುಮ್ಮನಾದರೆ, ಆ ತಮಿಳರನ್ನು ತಮಿಳರ ಲೆಕ್ಕದಿಂದಲೇ ತೆಗೆದ ಹಾಗಾಗುತ್ತದೆ. ಎಲ್‌ಟಿಟಿಇ ಹೇಳಿದ್ದೂ ಅದನ್ನೇ, ನಮ್ಮನ್ನು ಟೀಕಿಸುವವರು ತಮಿಳರೇ ಅಲ್ಲ, ದ್ರೋಹಿಗಳು ಅಂತ.

ಏಳನೇ ಪುಟದಲ್ಲಿ "ಯುದ್ಧದ ಕಾಲದಲ್ಲಿ ಒಳಗಿನ ಟೀಕೆಯನ್ನು ಶತ್ರು ಬಳಸಿಕೊಳ್ಳುತ್ತಾನೆ" ಎಂಬ ವಾದವನ್ನು ಎರಡೇ ಸಾಲಲ್ಲಿ ತಳ್ಳಿಹಾಕಿದ್ದೀರಿ. ಇದು ಸರಿಯಲ್ಲ. ಅದು ಗಟ್ಟಿ ವಾದ. ಶತ್ರು ನಿಜವಾಗಿಯೂ ಬಳಸಿಕೊಳ್ಳುತ್ತಾನೆ. ಗೂಢಚಾರರು ನಿಜವಾಗಿಯೂ ಇರುತ್ತಾರೆ. ನಾನು ಚಿಕ್ಕವಳಿದ್ದಾಗ ಒಂದು ಹೋರಾಟದ ಗುಂಪಿನಲ್ಲಿದ್ದೆ. ಚಂದಾ ಹಣದ ಲೆಕ್ಕ ಕೇಳಿದಾಗ ಹಿರಿಯರೊಬ್ಬರು "ಈಗ ಬೇಡಮ್ಮ, ಗೆದ್ದ ಮೇಲೆ ನೋಡೋಣ" ಅಂದರು. ನಾನು ಸುಮ್ಮನಾದೆ. ನಮ್ಮ ಹೋರಾಟದ ಮೇಲಿನ ಪ್ರೀತಿಯಿಂದಲೇ ಸುಮ್ಮನಾದೆ. ಹಾಗಾಗಿ ಸುಮ್ಮನಾದವರನ್ನೆಲ್ಲ ಹೇಡಿಗಳ ಹಾಗೆ ಚಿತ್ರಿಸಬೇಡಿ.

ಈ ವಾದಕ್ಕೆ ಉತ್ತರ ಬೇಕಾದರೆ ದಕ್ಷಿಣ ಆಫ್ರಿಕಾ ಕಡೆ ನೋಡಿ. 1969ರಲ್ಲಿ ಕ್ರಿಸ್ ಹಾನಿ ಮತ್ತು ಆರು ಜನ ಜೊತೆಗಾರರು ತಮ್ಮದೇ ಸಂಘಟನೆಯಾದ, ವರ್ಣಭೇದ ನೀತಿಯ ವಿರುದ್ಧ ಹೋರಾಡುತ್ತಿದ್ದ ಎಎನ್‌ಸಿ ನಾಯಕರ ಮೇಲೆ ಒಂದು ಕಟುವಾದ ಪತ್ರ ಬರೆದರು. ನಾಯಕರು ದೇಶದೇಶ ಸುತ್ತುತ್ತಾ ಹೋರಾಟ ಮರೆತಿದ್ದಾರೆ, ತಮ್ಮ ಮಕ್ಕಳನ್ನು ಯುರೋಪಿನ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಾರೆ ಅಂತ ನೇರವಾಗಿ ಹೇಳಿದರು. ಬರೆದವರನ್ನು ಸಂಘಟನೆಯಿಂದ ಹೊರಹಾಕಿದರು. ಆದರೆ ಅದೇ ವರ್ಷ ಟಾಂಜಾನಿಯಾದ ಮೊರೊಗೊರೊದಲ್ಲಿ ಸಮಾವೇಶ ಸೇರಿತು. ನಾಯಕ ಆಲಿವರ್ ಟಾಂಬೊ ತಾವೇ ರಾಜೀನಾಮೆ ಕೊಡಲು ಮುಂದಾದರು, ಮತ್ತೆ ಅವರನ್ನೇ ಆರಿಸಿದರು. ಹಾನಿ ಮತ್ತು ಜೊತೆಗಾರರನ್ನು ವಾಪಸ್ ಸೇರಿಸಿಕೊಂಡರು. 1987ರಲ್ಲಿ ಅದೇ ಹಾನಿ ಸಂಘಟನೆಯ ಸಶಸ್ತ್ರ ಪಡೆಯ ಮುಖ್ಯಸ್ಥರ ಸಾಲಿಗೆ ಬಂದರು. ಶತ್ರು ಪಕ್ಕದಲ್ಲೇ ಇದ್ದ, ಹೋರಾಟ ಮುರಿಯಲಿಲ್ಲ.

ಎಎನ್‌ಸಿಯನ್ನು ಪೂಜೆ ಮಾಡಬೇಡಿ, ಮತ್ತೆ. ಅಂಗೋಲಾದ ಅವರ ಶಿಬಿರಗಳಲ್ಲಿ ಪ್ರಶ್ನೆ ಕೇಳಿದವರನ್ನು ಕೂಡಿಹಾಕಿ ಹಿಂಸಿಸಿದರು, 1984ರಲ್ಲಿ ಬಂಡೆದ್ದವರಲ್ಲಿ ಕೆಲವರನ್ನು ಗುಂಡಿಟ್ಟು ಕೊಂದರು. ಆಮೇಲೆ ತಾವೇ ವಿಚಾರಣೆ ನಡೆಸಿದರು ಅನ್ನುವುದೂ ನಿಜ. ಆ ಎರಡೂ ವಾಕ್ಯ ಅಕ್ಕಪಕ್ಕ ಇರಲಿ.

ಎಲ್‌ಟಿಟಿಇಯಲ್ಲಿ ಹಾನಿಯ ಜಾಗದಲ್ಲಿ ಯಾರಿದ್ದರು? ಉಪನಾಯಕ ಮಾತ್ತಯ್ಯ. 1993ರಲ್ಲಿ ಭಾರತದ ಗೂಢಚಾರ ಅಂತ ಅವರನ್ನು ಹಿಡಿದರು, 1994ರಲ್ಲಿ ಕೊಂದರು. ಅದನ್ನು ಕಂಡ ಮೇಲೆ ಯಾರು ಬಾಯಿ ಬಿಡುತ್ತಾರೆ? 2004ರ ಮಾರ್ಚ್‌ನಲ್ಲಿ ಪೂರ್ವ ಭಾಗದ ಕಮಾಂಡರ್ ಕರುಣಾ ಹೊರಬಂದರು. ಸಾಯುವವರು ಪೂರ್ವದ ಮಕ್ಕಳು, ಅಧಿಕಾರ ಮಾತ್ರ ಉತ್ತರದವರದ್ದು ಅನ್ನುವುದು ಅವರ ದೂರು. ಕರುಣಾ ಕೈಯೂ ಶುದ್ಧವಲ್ಲ, ಮಕ್ಕಳನ್ನು ಸಂಘಟನೆಯ ಪಡೆಗೆ ಎಳೆದದ್ದರಲ್ಲಿ ಅವರದ್ದೂ ಪಾಲಿದೆ, ಅದನ್ನೂ ಬರೆಯಿರಿ. ಆದರೆ ಆ ದೂರು ಕೇಳಲು ಒಂದು ಸಭೆ ಇದ್ದಿದ್ದರೆ? ಸಭೆ ಇರಲಿಲ್ಲ. ಏಪ್ರಿಲ್‌ನಲ್ಲಿ ತಮಿಳರು ತಮಿಳರನ್ನೇ ಮತ್ತೆ ಕೊಂದರು. 2007ರ ಹೊತ್ತಿಗೆ ಇಡೀ ಪೂರ್ವ ಸರ್ಕಾರದ ಕೈಗೆ ಹೋಯಿತು.

ಕೋಣನಕುಂಟೆಯಿಂದ ಲೇಖನ ಶುರು ಮಾಡಿದ್ದೀರಲ್ಲ, ಅದನ್ನು ಅಲ್ಲಿಂದ ತೆಗೆಯಿರಿ. 1991ರ ಆಗಸ್ಟ್‌ನಲ್ಲಿ ರಾಜೀವ್ ಗಾಂಧಿ ಹತ್ಯೆಯ ಆರೋಪಿಗಳಾದ ಶಿವರಾಸನ್, ಶುಭಾ ಮತ್ತು ಜೊತೆಗಿದ್ದವರು ಬೆಂಗಳೂರಿನ ಆ ಮನೆಯಲ್ಲಿ ಸತ್ತದ್ದು ಕನ್ನಡ ಓದುಗರ ಕಣ್ಣು ಸೆಳೆಯುತ್ತದೆ, ನಿಜ. ಆದರೆ ಅಲ್ಲಿ ಅದು ಬರೀ ಸಿನಿಮಾ ದೃಶ್ಯದ ಹಾಗಿದೆ. ಅದರ ಜಾಗ ಎಂಟನೇ ಪುಟ. ರಾಜೀವ್ ಗಾಂಧಿಯವರನ್ನು ಕೊಂದದ್ದರಿಂದ ಎಲ್‌ಟಿಟಿಇ ತಮಿಳುನಾಡಿನ ಬೆಂಬಲವನ್ನೇ ಕಳೆದುಕೊಂಡಿತು. ಆ ನಿರ್ಧಾರವನ್ನು ಒಳಗಿನವರು ಯಾರೂ ತಡೆಯಲಿಲ್ಲ. ಅದೊಂದು ದೊಡ್ಡ ದುರಂತ ಅಂತ ಬಾಲಸಿಂಗಂ ಹೇಳಿದ್ದು 2006ರಲ್ಲಿ, ಹದಿನೈದು ವರ್ಷದ ನಂತರ. ಮುಸ್ಲಿಮರ ವಿಷಯದ ಪಕ್ಕಕ್ಕೆ ಇದನ್ನು ಇಟ್ಟು ನೋಡಿ.

ಯುದ್ಧ ಕೊನೆಗೊಂಡ ಮುಳ್ಳಿವಾಯ್ಕಾಲ್ ಬಗ್ಗೆ ಬರೆದ ಭಾಗದಲ್ಲೂ ಅದೇ ಕೆಲಸ ಇದೆ. 2009ರಲ್ಲಿ ಶ್ರೀಲಂಕಾ ಸೈನ್ಯ ಜನ ತುಂಬಿದ್ದ ಜಾಗದ ಮೇಲೆ ಶೆಲ್ ಹಾಕಿತು. ತಪ್ಪಿಸಿಕೊಳ್ಳಲು ಹೊರಟ ಜನರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸಿತು. 2011ರ ವಿಶ್ವಸಂಸ್ಥೆಯ ತಜ್ಞರ ವರದಿ ಎರಡನ್ನೂ ಹೇಳುತ್ತದೆ. ನೀವು ಮೊದಲನೆಯದನ್ನು ಮಾತ್ರ ಕರ್ತೃ ಸಮೇತ ಬರೆದಿದ್ದೀರಿ.

ಕೊನೆಯ ಪ್ಯಾರಾ, ಅದೇ "ಜಗತ್ತಿನ ಎಲ್ಲ ಹೋರಾಟಗಳೂ ಕಲಿಯಬೇಕಾದ ಪಾಠ" ಅಂತ ಶುರುವಾಗುವುದು, ಪೂರ್ತಿ ಬೇಡ.

ಒಟ್ಟಿಗೆ ಎಲ್ಲ ತಿದ್ದಲು ಕೂರಬೇಡಿ, ಎದೆ ಕುಸಿಯುತ್ತದೆ. ಮೊದಲು ಆರನೇ ಪುಟದ ಮುಸ್ಲಿಮರ ಪ್ಯಾರಾ ಒಂದನ್ನೇ ಹೊಸದಾಗಿ ಬರೆಯಿರಿ. ಆ ಎರಡು ಗಂಟೆ ಹೇಗಿತ್ತು ಅಂತ ಬರೆಯಿರಿ. ಬರೆದು ನನಗೆ ಕಳಿಸಿ, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ಸಂಪಾದಕಿ