ಲೈಟ್ ರೈಲು ಜನರಿರುವ ಮುಖ್ಯರಸ್ತೆ ಬಿಟ್ಟು ಹಳೇ ಗೂಡ್ಸ್ ಹಳಿಯ ಜಾಗದಲ್ಲೇ ಯಾಕೆ ಬರುತ್ತದೆ?

ಲೈಟ್ ರೈಲು ಅಂದರೆ ನಗರದೊಳಗೆ ಓಡುವ, ಮೆಟ್ರೊಗಿಂತ ಹಗುರವಾದ ರೈಲು. ಅದು ಹೀಗೆ ಬರಲು ಮುಖ್ಯ ಕಾರಣ ಜಾಗ. ಹಳೇ ಗೂಡ್ಸ್ ಹಳಿ ಇದ್ದ ಕಡೆ ಉದ್ದಕ್ಕೂ ಒಂದೇ ಪಟ್ಟಿ ಜಮೀನು ಸಿಗುತ್ತದೆ, ಅದೂ ಹೆಚ್ಚಾಗಿ ಒಬ್ಬರೇ ಮಾಲೀಕರಿಂದ. ಮುಖ್ಯರಸ್ತೆಯಲ್ಲಾದರೆ ಸಾಲುಸಾಲು ಅಂಗಡಿ, ಮನೆಗಳ ಮುಂಭಾಗ ಕೊಳ್ಳಬೇಕು, ಇಲ್ಲವೇ ವಾಹನಗಳ ಲೇನ್ ಕಿತ್ತುಕೊಳ್ಳಬೇಕು.

ಕಣ್ಣಿಗೆ ಕಾಣದ ಖರ್ಚು ಇರುವುದು ರಸ್ತೆಯ ಅಡಿಯಲ್ಲಿ. ನೀರಿನ ಪೈಪು, ಒಳಚರಂಡಿ, ಗ್ಯಾಸ್ ಲೈನು, ಕೇಬಲ್ಲು ಎಲ್ಲ ಅಲ್ಲೇ ಹೂತಿರುತ್ತವೆ. ಹಳಿ ಹಾಕಿದ ಮೇಲೆ ಪೈಪು ಒಡೆದರೆ, ಅಗೆಯಲು ರೈಲನ್ನೇ ನಿಲ್ಲಿಸಬೇಕು, ಅಲ್ವಾ? ಅದಕ್ಕೇ ಅವನ್ನೆಲ್ಲ ಮೊದಲೇ ಪಕ್ಕಕ್ಕೆ ಸರಿಸುತ್ತಾರೆ. ಹಳೇ ನಕ್ಷೆಯಲ್ಲಿ ಒಂದು ಕಡೆ ತೋರಿಸಿದ ಪೈಪು ಅಗೆದಾಗ ಇನ್ನೊಂದು ಕಡೆ ಸಿಗುವುದೂ ಉಂಟು. ಬಜೆಟ್ ಹಳಿ ತಪ್ಪುವುದು ಎಷ್ಟೋ ಸಲ ಇಲ್ಲೇ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1981ರಲ್ಲಿ ಶುರುವಾದ ‘ಟ್ರಾಲಿ’ ಎಂಬ ಲೈಟ್ ರೈಲೂ ಹೀಗೇ. ಗೂಡ್ಸ್ ಹಳಿಯನ್ನೇ ಕೊಂಡರು. ನಗರದ ನಡುವೆ ಮಾತ್ರ ರೈಲು ರಸ್ತೆಗೆ ಇಳಿಯಿತು.

ಆದರೆ ತೊಡಕೂ ಇದೆ. ಗೂಡ್ಸ್ ಹಳಿಯ ಅಕ್ಕಪಕ್ಕ ಗೋದಾಮುಗಳೇ ಜಾಸ್ತಿ. ಸ್ಟೇಷನ್‌ಗೆ ನಡೆದು ಬರುವವರು ಸಾಮಾನ್ಯವಾಗಿ 800 ಮೀಟರ್ ಒಳಗಿನವರು, ಅಂದರೆ ಸುಮಾರು 10 ನಿಮಿಷದ ನಡಿಗೆ. ಅಷ್ಟರಲ್ಲಿ ಮನೆಗಳೇ ಇಲ್ಲದಿದ್ದರೆ ಅಗ್ಗದಲ್ಲಿ ಕಟ್ಟಿದ ರೈಲು ಸುಮ್ನೆ ಖಾಲಿ ಓಡುತ್ತದೆ. ಹಾಗಾಗಿ ನಿಮ್ಮ ಬಡಾವಣೆಯ ನಕ್ಷೆ ಬಂದಾಗ ಮಾರ್ಗದ ಗೆರೆಗಿಂತ ಸ್ಟೇಷನ್ ಎಲ್ಲಿದೆ, ಹಳಿ ದಾಟಲು ದಾರಿ ಇದೆಯಾ ಎಂದು ಮೊದಲು ನೋಡಿ. ದಾಟುವ ದಾರಿ ಇಲ್ಲದಿದ್ದರೆ ಹಳಿಯಾಚೆ 200 ಮೀಟರ್ ದೂರದ ಮನೆಯವರೂ ಒಂದು ಕಿಲೋಮೀಟರ್ ಸುತ್ತಿ ಬರಬೇಕಾದೀತು.