ಮನೆಯ ಹವಳದ ಟ್ಯಾಂಕಿಗೆ ಮುರಕಲ್ಲಿನ ಕಂಬ ಕಟ್ಟಬಹುದೇ?

ಕಾಸರಗೋಡಿನಲ್ಲಿ ಮುರಕಲ್ಲು ಸುಲಭವಾಗಿ ಸಿಗುತ್ತದೆ ನಿಜ, ಆದರೆ ಉಪ್ಪುನೀರಿನ ಟ್ಯಾಂಕಿಗೆ ಅದು ಬೇಡ. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಪುಡಿಯೂ ಉದುರುತ್ತದೆ. ಕಡಲ ತೀರದಲ್ಲಿ ಸಿಕ್ಕಿದ ಹವಳದ ತುಂಡನ್ನಂತೂ ಮುಟ್ಟಲೇಬೇಡಿ. ಕಲ್ಲುಹವಳ ಸತ್ತಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ.

ಅಕ್ವೇರಿಯಂ ಅಂಗಡಿಯ ಡ್ರೈ ರಾಕ್, ಅಂದರೆ ಇಂಥ ಟ್ಯಾಂಕಿಗೆಂದೇ ಮಾರುವ ಒಣ ಕಲ್ಲು, ತನ್ನಿ. ಅಗಲವಾದ, ಭಾರದ ಕಲ್ಲು ಅಡಿಗೆ ಇರಲಿ. ಪ್ರತಿ ಕಲ್ಲಿಗೂ ಡ್ರಿಲ್‌ನಲ್ಲಿ ತೂತು ಕೊರೆದು, ಅಕ್ರಿಲಿಕ್ ಅಥವಾ ಫೈಬರ್ ಗ್ಲಾಸ್ ಸರಳಿಗೆ ಮಣಿ ಪೋಣಿಸಿದ ಹಾಗೆ ಪೋಣಿಸಿ. ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ, ಬೇಡವೇ ಬೇಡ. ಮೊದಲು ಅಂಟಿಲ್ಲದೆ ಸುಮ್ನೆ ಜೋಡಿಸಿ ನೋಡಿ. ಮೇಲಿನ ಕಲ್ಲನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕಡೆ ಕೆಳಗಿನದರ ಮೇಲೆ ಮೂರು ಜಾಗದಲ್ಲಿ ಊರಿ ಗಟ್ಟಿಯಾಗಿ ಕೂರುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆ ಮೂರೂ ಕಡೆ ಅಕ್ವೇರಿಯಂ ಎಪಾಕ್ಸಿ (ಗಟ್ಟಿಯಾಗುವ ಅಂಟು) ಒತ್ತಿ. ಒಂದು ರಾತ್ರಿ ಒಣಗಲಿ, ಆಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ.

ಕಂಬವನ್ನು ನೇರವಾಗಿ ಟ್ಯಾಂಕಿನ ತಳಕ್ಕೇ ಇಟ್ಟು, ನಂತರ ಮರಳು ಹಾಕಿ. ಮರಳಿನ ಮೇಲಿಟ್ಟರೆ ಗೋಬಿ ಮೀನು, ಸಿಗಡಿಗಳು ಅಡಿಯಲ್ಲಿ ತೋಡಿ ಬೀಳಿಸಿಬಿಡುತ್ತವೆ. ಗಾಜಿಗೂ ಕಂಬಕ್ಕೂ ನಡುವೆ ನಿಮ್ಮ ಕೈ ಹೋಗುವಷ್ಟು ಜಾಗ ಬಿಡಿ. ಪಾಚಿ ಉಜ್ಜಬೇಕಲ್ವಾ?