65 ಲೀಟರ್ ಟ್ರೆಕ್ಕಿಂಗ್ ಬ್ಯಾಗಿನಲ್ಲಿ ಭುಜ ನೋವು: ಫ್ರೇಮ್ ಇಲ್ಲದ 40 ಲೀಟರಿನದು ಕೊಳ್ಳಬಹುದೇ?

ಮೂರು ದಿನದ ಟ್ರೆಕ್ಕಿಂಗಿಗೆ 65 ಲೀಟರ್ ಬ್ಯಾಗ್ ಹೊತ್ತರೆ ಭುಜ ನೋಯುತ್ತದೆ, ಅದಕ್ಕೆ ಫ್ರೇಮ್ (ಬ್ಯಾಗಿನ ಬೆನ್ನಿನ ಕಡೆ ಇರುವ, ಭಾರವನ್ನು ಸೊಂಟಕ್ಕೆ ಇಳಿಸುವ ಗಟ್ಟಿ ಚೌಕಟ್ಟು) ಇಲ್ಲದ 40 ಲೀಟರಿನದು ಕೊಳ್ಳಲೇ ಎಂದು ಕೇಳಿದ್ದೀರಿ. ನಿಮ್ಮ ಭುಜ ನೋವಿಗೆ ಬ್ಯಾಗಿನ ತೂಕಕ್ಕಿಂತ ಬೆನ್ನಿನ ಅಳತೆ ಹೊಂದದಿರುವುದೇ ಕಾರಣ ಇರಬೇಕು. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಸೊಂಟದ ಪಟ್ಟಿ ಹೊಟ್ಟೆ ಮೇಲೆ ಕೂರುತ್ತಿದೆ ಎಂದಿದ್ದೀರಲ್ಲ, ಹಾಗಾದರೆ ಭಾರವೆಲ್ಲ ಭುಜಕ್ಕೇ ಬೀಳುತ್ತದೆ.

ಮೊದಲು ತಲೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಉಬ್ಬಿದ ಮೂಳೆ ಮುಟ್ಟಿ. ಎರಡೂ ಕೈ ಸೊಂಟದ ಮೂಳೆ ಮೇಲಿಟ್ಟು ಹೆಬ್ಬೆರಳು ಹಿಂದಕ್ಕೆ ಮಾಡಿ. ಉಬ್ಬಿನಿಂದ ಹೆಬ್ಬೆರಳುಗಳ ನಡುವಿನವರೆಗೆ ಯಾರಾದರೂ ಟೇಪಿನಲ್ಲಿ ಅಳೆಯಲಿ. ಬ್ಯಾಗಿನ ಸೈಜ್ ಆ ಅಳತೆ ನೋಡಿ ಆರಿಸಬೇಕು, ನಿಮ್ಮ ಎತ್ತರ ನೋಡಿ ಅಲ್ಲ.

ಆಮೇಲೆ ಮೂರು ದಿನದ ಸಾಮಾನು, ಊಟ, 2 ಲೀಟರ್ ನೀರು (ಅದೇ 2 ಕೆಜಿ ಆಯ್ತು) ಎಲ್ಲಾ ಸೇರಿಸಿ ತೂಗಿ. 9 ಕೆಜಿ ಒಳಗಿದ್ದರೆ ಫ್ರೇಮ್ ಇಲ್ಲದ್ದು ಸಾಕು. 12 ಕೆಜಿ ದಾಟಿದರೆ ಖಂಡಿತ ಬೇಡ, ಫ್ರೇಮ್ ಇರುವ 45 ಲೀಟರಿನದು ತಗೊಳ್ಳಿ. ನಡುವೆ ಬಂದರೆ ನಾನಂತೂ ಫ್ರೇಮ್ ಕಡೆಗೇ ವಾಲುತ್ತೇನೆ.

ಕೊನೆಗೆ, ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡುವುದು ಸುಮ್ನೆ. ಅಷ್ಟೇ ತೂಕ ತುಂಬಿಸಿ, ಸೊಂಟದ ಪಟ್ಟಿ ಮೊದಲು ಬಿಗಿದು, ಭುಜದ ಪಟ್ಟಿ ಆಮೇಲೆ ಎಳೆದು, ಹದಿನೈದು ನಿಮಿಷ ಮೆಟ್ಟಿಲು ಹತ್ತಿಳಿಯಿರಿ. ಭುಜದ ಪಟ್ಟಿ ಕೆಳಗೆ ಬೆರಳು ಸಲೀಸಾಗಿ ತೂರಿದರೆ ಆ ಬ್ಯಾಗ್ ನಿಮ್ಮದೇ.